ಎಂಜಿನ್ ಕಾರ್ಬನ್ ಮನೆಯಲ್ಲೇ ತೆಗೆಯುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಕಾರ್ಬನ್ ವಿಷಯ ಬಂದ ಕೂಡಲೇ ಎಲ್ಲರೂ ಕೇಳುವುದು ಒಂದೇ ಮಾತು: ಯಾವ ಬಾಟಲಿ ತರಲಿ? ನಾನು ತಿರುಗಿ ಕೇಳುವುದೂ ಒಂದೇ: ಕಾರ್ಬನ್ ಕೂತಿರುವುದು ಎಲ್ಲಿ? ಥ್ರಾಟಲ್ ಬಾಡಿಯಲ್ಲಿ (ಎಂಜಿನ್‌ಗೆ ಹೋಗುವ ಗಾಳಿಯ ಅಳತೆ ಹಿಡಿಯುವ ಭಾಗ) ಕೂತದ್ದಕ್ಕೆ ಒಂದು ದಾರಿ, ಇನ್‌ಟೇಕ್ ವಾಲ್ವ್ (ಸಿಲಿಂಡರ್‌ಗೆ ಗಾಳಿ ಬಿಡುವ ಬಾಗಿಲು) ಹಿಂದೆ ಕೂತದ್ದಕ್ಕೆ ಇನ್ನೊಂದು, ಪಿಸ್ಟನ್ ತಲೆಯ ಮೇಲಿನದಕ್ಕೆ ಮತ್ತೊಂದು. ಎಲ್ಲ ಜಾಗಕ್ಕೂ ಕೈ ಹಾಕುವ ಒಂದೇ ಬಾಟಲಿ ಇಲ್ಲ. ಕೆಳಗಿನ ಉತ್ತರಗಳನ್ನು ಓದುವಾಗ ಇದೊಂದು ತಲೆಯಲ್ಲಿರಲಿ.

ಈ ಕಾರ್ಬನ್ ಎಲ್ಲಿಂದ ಬರುತ್ತದೆ?

ಮೂರು ಕಡೆಯಿಂದ. ಇಂಧನ ಪೂರ್ತಿ ಉರಿಯದೆ ಉಳಿದ ಮಸಿ ಮೊದಲನೆಯದು. ಎರಡನೆಯದು ಆಯಿಲ್ ಆವಿ. ಎಂಜಿನ್ ಕೆಳಭಾಗದಲ್ಲಿ ತುಂಬುವ ಆವಿಯನ್ನು ಹೊರಗೆ ಬಿಡದೆ ಒಂದು ಪೈಪ್ ಮೂಲಕ ಮತ್ತೆ ಇನ್‌ಟೇಕ್‌ಗೇ, ಅಂದರೆ ಗಾಳಿ ಒಳಗೆ ಹೋಗುವ ದಾರಿಗೇ, ಕಳಿಸುತ್ತಾರೆ. ಆ ಆವಿಯಲ್ಲಿರುವ ಎಣ್ಣೆ ಬಿಸಿ ವಾಲ್ವ್ ಮೇಲೆ ಬಿದ್ದು ಸುಟ್ಟು, ಪದರ ಪದರವಾಗಿ ಗಟ್ಟಿಯಾಗುತ್ತದೆ, ಬಾಣಲೆಯ ತಳದಲ್ಲಿ ಎಣ್ಣೆ ಕಪ್ಪಗೆ ಅಂಟುತ್ತದಲ್ಲ, ಥೇಟ್ ಹಾಗೆ. ಮೂರನೆಯದು ಇ.ಜಿ.ಆರ್. ವಾಲ್ವ್. ಅದು ಸುಟ್ಟ ಹೊಗೆಯ ಒಂದು ಪಾಲನ್ನು ಮತ್ತೆ ಒಳಗೆ ಬಿಡುತ್ತದೆ, ಹೊಗೆಯ ಜೊತೆ ಮಸಿಯೂ ಬರುತ್ತದೆ. ಮಸಿ ಮತ್ತು ಎಣ್ಣೆ ಸೇರಿದರೆ ಡಾಂಬರಿನಂಥ ಕೆಸರು. ಡೀಸೆಲ್ ಗಾಡಿಗಳ ಇನ್‌ಟೇಕ್ ಬಿಚ್ಚಿದವರು ಇದನ್ನು ನೋಡಿಯೇ ಇರುತ್ತೀರಿ.

ಸ್ವಲ್ಪ ಕಾರ್ಬನ್ ಇರುವುದು ಸಹಜ. ಗಾಡಿ ಚೆನ್ನಾಗಿ ಓಡುತ್ತಿದ್ದರೆ, ಒಳಗೆ ಕಪ್ಪಗಿದೆ ಅನ್ನುವ ಒಂದೇ ಕಾರಣಕ್ಕೆ ಬಿಚ್ಚಲು ಹೋಗಬೇಡಿ.

ಜಾಸ್ತಿ ಆಗಿದೆ ಅಂತ ಗೊತ್ತಾಗುವುದು ಹೇಗೆ?

ಸಿಗ್ನಲ್‌ನಲ್ಲಿ ನಿಂತಾಗ ಎಂಜಿನ್ ನಡುಗುವುದು, ಆರ್.ಪಿ.ಎಂ. ಮುಳ್ಳು ಮೇಲೆ ಕೆಳಗೆ ಆಡುವುದು, ಬೆಳಗ್ಗೆ ಸ್ಟಾರ್ಟ್ ಮಾಡಿದ ಮೊದಲ ಒಂದೆರಡು ನಿಮಿಷ ಮುಗ್ಗರಿಸುವುದು, ಆಕ್ಸಲರೇಟರ್ ಒತ್ತಿದಾಗ ಒಂದು ಕ್ಷಣ ತಡೆದು ಆಮೇಲೆ ಎಳೆಯುವುದು, ಏರಿನಲ್ಲಿ ಟಿಕ್ ಟಿಕ್ ಅಂತ ನಾಕಿಂಗ್ ಕೇಳುವುದು, ಮೈಲೇಜ್ ನಿಧಾನವಾಗಿ ಇಳಿಯುವುದು. ಹಳೆಯ ಕಾರ್ಬ್ಯುರೇಟರ್ ಗಾಡಿಗಳಲ್ಲಿ ಕೀ ಆಫ್ ಮಾಡಿದ ಮೇಲೂ ಎಂಜಿನ್ ಒಂದೆರಡು ಸುತ್ತು ಹೊಡೆದುಕೊಳ್ಳುತ್ತದೆ. ಒಳಗೆ ಕೆಂಡದಂತೆ ಕಾದ ಕಾರ್ಬನ್ ಚೂರೇ ಪ್ಲಗ್ ಕೆಲಸ ಮಾಡಿ ಪೆಟ್ರೋಲಿಗೆ ಬೆಂಕಿ ಹಚ್ಚುತ್ತಿರುತ್ತದೆ.

ಆದರೆ ಇವೇ ಲಕ್ಷಣಗಳು ಸವೆದ ಪ್ಲಗ್, ಕೆಟ್ಟ ಇಗ್ನಿಷನ್ ಕಾಯಿಲ್, ಸೀಳಿದ ವ್ಯಾಕ್ಯೂಮ್ ಪೈಪ್, ಕಟ್ಟಿದ ಏರ್ ಫಿಲ್ಟರ್ ಇವುಗಳಿಂದಲೂ ಬರುತ್ತವೆ. ಇವೆಲ್ಲ ನೋಡಲು ಸುಲಭ. ಮೊದಲು ಇವನ್ನೇ ನೋಡಿ. ಒ.ಬಿ.ಡಿ. ಸ್ಕ್ಯಾನರ್ (ಗಾಡಿಯ ಕಂಪ್ಯೂಟರ್ ಬರೆದಿಟ್ಟ ತೊಂದರೆಯ ಕೋಡ್ ಓದುವ ಸಾಧನ) ಇದ್ದರೆ ಕೋಡ್ ಓದಿ. ಪಿ0300 ಬಂದರೆ ಬೇರೆ ಬೇರೆ ಸಿಲಿಂಡರ್‌ಗಳಲ್ಲಿ ಮಿಸ್‌ಫೈರ್, ಅಂದರೆ ಇಂಧನ ಸರಿಯಾಗಿ ಉರಿಯುತ್ತಿಲ್ಲ, ಅಂತ ಅರ್ಥ. ಪಿ0301 ಬಂದರೆ ಮೊದಲ ಸಿಲಿಂಡರ್ ಒಂದೇ. ಒಂದೇ ಸಿಲಿಂಡರ್ ಕೋಡ್ ಬಂದಾಗ ಆ ಕಾಯಿಲ್ ತೆಗೆದು ಪಕ್ಕದ ಸಿಲಿಂಡರ್‌ಗೆ ಹಾಕಿ ಓಡಿಸಿ. ಕೋಡ್ ಕೂಡ ಪಕ್ಕಕ್ಕೆ ಹೋದರೆ ತಪ್ಪು ಕಾಯಿಲ್‌ದು, ಕಾರ್ಬನ್‌ದಲ್ಲ.

ಬಿಚ್ಚದೆ ಒಳಗೆ ನೋಡಬಹುದಾ?

ನೋಡಬಹುದು, ನೋಡಲೇಬೇಕು. ಎರಡು ದಾರಿ ಇವೆ.

ಒಂದು, ಪ್ಲಗ್ ಬಿಚ್ಚಿ ಅದರ ತುದಿ ನೋಡುವುದು. ತಿಳಿ ಕಂದು ಅಥವಾ ಬೂದು ಬಣ್ಣ ಇದ್ದರೆ ಎಲ್ಲ ಸರಿ. ಒಣ ಕಪ್ಪು ಮಸಿ, ಬೆರಳಿಗೆ ಪುಡಿಪುಡಿಯಾಗಿ ಅಂಟುತ್ತದೆ ಅಂದರೆ ಪೆಟ್ರೋಲ್ ಜಾಸ್ತಿ ಹೋಗುತ್ತಿದೆ ಅಥವಾ ಬರೀ ಚಿಕ್ಕ ಓಡಾಟವೇ ಆಗುತ್ತಿದೆ. ಕಪ್ಪಗೂ ಇದೆ, ಎಣ್ಣೆಯ ಪಸೆಯೂ ಇದೆ ಅಂದರೆ ಆಯಿಲ್ ಮೇಲೆ ಬರುತ್ತಿದೆ, ಪಿಸ್ಟನ್ ರಿಂಗ್ ಅಥವಾ ವಾಲ್ವ್ ಸೀಲ್ ಕಡೆಯಿಂದ. ಈ ಮೂರನೆಯದರಲ್ಲಿ ಎಷ್ಟು ಕ್ಲೀನ್ ಮಾಡಿದರೂ ಕಾರ್ಬನ್ ವಾಪಸ್ ಬರುತ್ತದೆ, ಯಾಕಂದರೆ ಬರುವ ದಾರಿ ಮುಚ್ಚಿಲ್ಲ.

ಇನ್ನೊಂದು, ಬೋರೋಸ್ಕೋಪ್. ಫೋನಿಗೆ ಜೋಡಿಸುವ ತೆಳ್ಳನೆಯ ಕ್ಯಾಮೆರಾ. ಪ್ಲಗ್ ತೂತಿನಿಂದ ಇಳಿಸಿದರೆ ಪಿಸ್ಟನ್ ತಲೆ ಕಾಣುತ್ತದೆ, ಥ್ರಾಟಲ್ ಬಾಡಿ ಬಿಚ್ಚಿ ಇನ್‌ಟೇಕ್ ಕಡೆಯಿಂದ ತೂರಿಸಿದರೆ ಕೆಲವು ಗಾಡಿಗಳಲ್ಲಿ ವಾಲ್ವ್ ಹಿಂಭಾಗವೂ ಕಾಣುತ್ತದೆ. ಕಾರ್ಬನ್ ಕೆಲಸಕ್ಕೆ ಒಂದೇ ಒಂದು ಸಲಕರಣೆ ಕೊಳ್ಳುವುದಾದರೆ ಇದನ್ನೇ ಕೊಳ್ಳಿ ಅಂತೀನಿ. ಕ್ಲೀನ್ ಮಾಡುವ ಮುಂಚೆ ಒಂದು ಫೋಟೋ, ಆದ ಮೇಲೆ ಒಂದು ಫೋಟೋ ತೆಗೆದಿಟ್ಟರೆ ನಿಮ್ಮ ಕೆಲಸ ನಿಜವಾಗಿ ಫಲ ಕೊಟ್ಟಿತಾ ಅನ್ನುವುದು ಕಣ್ಣಿಗೇ ಕಾಣುತ್ತದೆ.

ನನ್ನದು ಯಾವ ಥರದ ಎಂಜಿನ್ ಅನ್ನುವುದು ಅಷ್ಟು ಮುಖ್ಯವಾ?

ತುಂಬಾ ಮುಖ್ಯ. ಸಾಮಾನ್ಯ ಪೆಟ್ರೋಲ್ ಇಂಜೆಕ್ಷನ್‌ನಲ್ಲಿ ಇಂಜೆಕ್ಟರ್ ಇರುವುದು ಇನ್‌ಟೇಕ್ ದಾರಿಯಲ್ಲಿ, ವಾಲ್ವ್‌ಗಿಂತ ಹಿಂದೆ. ಪೆಟ್ರೋಲ್ ನೇರವಾಗಿ ವಾಲ್ವ್ ಬೆನ್ನ ಮೇಲೆ ಬೀಳುತ್ತದೆ, ಅದರಲ್ಲಿರುವ ಡಿಟರ್ಜೆಂಟ್ ವಾಲ್ವ್ ತೊಳೆಯುತ್ತಲೇ ಇರುತ್ತದೆ. ಡೈರೆಕ್ಟ್ ಇಂಜೆಕ್ಷನ್‌ನಲ್ಲಿ ಇಂಜೆಕ್ಟರ್ ಸಿಲಿಂಡರ್ ಒಳಗೇ ಇರುತ್ತದೆ. ಪೆಟ್ರೋಲ್ ಹನಿ ಇನ್‌ಟೇಕ್ ವಾಲ್ವ್ ಮುಟ್ಟುವುದೇ ಇಲ್ಲ. ಆಯಿಲ್ ಆವಿ ಮಾತ್ರ ಬರುತ್ತದೆ, ತೊಳೆಯುವವರು ಯಾರೂ ಇಲ್ಲ. ಹಾಗಾಗಿ ಇಂಥ ಡೈರೆಕ್ಟ್ ಇಂಜೆಕ್ಷನ್ (ಜಿ.ಡಿ.ಐ.) ಎಂಜಿನ್‌ಗಳಲ್ಲಿ ವಾಲ್ವ್ ಕಾರ್ಬನ್ ದೊಡ್ಡ ತಲೆನೋವು. ಈ ಕಾರಣಕ್ಕೇ ಕೆಲವು ಕಂಪನಿಗಳು ಒಂದೇ ಎಂಜಿನ್‌ಗೆ ಎರಡೂ ಕಡೆ ಇಂಜೆಕ್ಟರ್ ಇಡಲು ಶುರು ಮಾಡಿದವು, ಟೊಯೊಟಾದ ಡಿ-4ಎಸ್ ಅಂಥದ್ದು.

ನಿಮ್ಮ ಗಾಡಿಯದು ಯಾವುದು ಅಂತ ಮಾಲೀಕರ ಕೈಪಿಡಿಯಲ್ಲಿ ನೋಡಿ. ಮುಂದಿನ ಅರ್ಧ ಪ್ರಶ್ನೆಗಳ ಉತ್ತರ ಇದರ ಮೇಲೆಯೇ ನಿಂತಿದೆ.

ಟ್ಯಾಂಕಿಗೆ ಹಾಕುವ ಕ್ಲೀನರ್ ಕೆಲಸ ಮಾಡುತ್ತದಾ?

ಇಂಧನ ಹೋಗುವ ದಾರಿಯಲ್ಲಿ ಮಾಡುತ್ತದೆ. ಇಂಜೆಕ್ಟರ್ ತುದಿ, ಸಿಲಿಂಡರ್ ಒಳಗೆ ಸ್ವಲ್ಪ ಮಟ್ಟಿಗೆ, ಮತ್ತು ಸಾಮಾನ್ಯ ಇಂಜೆಕ್ಷನ್ ಇದ್ದರೆ ಇನ್‌ಟೇಕ್ ವಾಲ್ವ್. ಥ್ರಾಟಲ್ ಬಾಡಿ, ಇ.ಜಿ.ಆರ್., ಡೈರೆಕ್ಟ್ ಇಂಜೆಕ್ಷನ್ ಎಂಜಿನ್‌ನ ಇನ್‌ಟೇಕ್ ವಾಲ್ವ್, ಈ ಕಡೆಗಳಿಗೆ ಆ ಪೆಟ್ರೋಲ್ ಹೋಗುವುದೇ ಇಲ್ಲ. ಹೋಗದ ಕಡೆ ಹೇಗೆ ತೊಳೆಯುತ್ತದೆ, ಅಲ್ವಾ? ನಾನೇ ಹಿಂದೆ ಒಂದು ಡೈರೆಕ್ಟ್ ಇಂಜೆಕ್ಷನ್ ಕಾರಿಗೆ ಬಾಟಲಿ ಮೇಲೆ ಬಾಟಲಿ ಸುರಿದು ನಡುಕ ಹೋಗಲಿ ಅಂತ ಕಾದಿದ್ದೆ. ಕೊನೆಗೆ ಮ್ಯಾನಿಫೋಲ್ಡ್ (ಸಿಲಿಂಡರ್‌ಗಳಿಗೆ ಗಾಳಿ ಹಂಚುವ ಪೈಪ್) ಬಿಚ್ಚಿ ನೋಡಿದಾಗ ವಾಲ್ವ್ ಮೇಲಿನ ಕರಿ ಒಂಚೂರೂ ಕದಲಿರಲಿಲ್ಲ. ಎಂಜಿನ್ ಯಾವುದು ಅಂತ ಮೊದಲು ತಿಳಿದುಕೊಳ್ಳಿ ಎಂದು ಇಷ್ಟು ಒತ್ತಿ ಹೇಳುವುದು ಅದಕ್ಕೇ.

ಕೊಳ್ಳುವಾಗ ಡಬ್ಬಿಯ ಮೇಲೆ ಪಾಲಿಈಥರ್‌ಅಮೈನ್, ಚಿಕ್ಕದಾಗಿ ಪಿ.ಇ.ಎ., ಇದೆಯಾ ನೋಡಿ. ಇದು ಸಿಲಿಂಡರ್ ಒಳಗಿನ ಬಿಸಿಯನ್ನೂ ತಡೆದುಕೊಂಡು ಕೆಲಸ ಮಾಡುತ್ತದೆ. ಟ್ಯಾಂಕ್ ಖಾಲಿ ಆಗುತ್ತಾ ಬಂದಾಗ ಮೊದಲು ಕ್ಲೀನರ್ ಹಾಕಿ ಆಮೇಲೆ ಪೆಟ್ರೋಲ್ ತುಂಬಿಸಿ, ಚೆನ್ನಾಗಿ ಬೆರೆಯುತ್ತದೆ. ಆ ಟ್ಯಾಂಕ್ ಮುಗಿಯುವವರೆಗೆ ಒಂದಿಷ್ಟು ದೂರದ ಓಡಾಟ ಇರಲಿ. ಆಯಿಲ್ ಬದಲಿಸುವ ಸಮಯ ಹತ್ತಿರ ಇದ್ದಾಗ ಹಾಕಿದರೆ ಇನ್ನೂ ಒಳ್ಳೆಯದು, ಯಾಕಂದರೆ ಸ್ವಲ್ಪ ಕ್ಲೀನರ್ ರಿಂಗ್ ದಾಟಿ ಆಯಿಲ್‌ಗೆ ಇಳಿದಿರುತ್ತದೆ. ಡಬ್ಬಿಯಲ್ಲಿ ಹೇಳಿದ್ದಕ್ಕಿಂತ ಎರಡು ಪಾಲು ಹಾಕಿದರೆ ಎರಡು ಪಾಲು ಕ್ಲೀನ್ ಆಗುವುದಿಲ್ಲ. ಹಾಗೆ ಮಾಡಬೇಡಿ.

ಹೈವೇಯಲ್ಲಿ ಜೋರಾಗಿ ಓಡಿಸಿದರೆ ಕಾರ್ಬನ್ ಸುಟ್ಟು ಹೋಗುತ್ತದಂತೆ, ನಿಜವಾ?

ಅರ್ಧ ನಿಜ. ಪ್ಲಗ್ ತುದಿ ಸುಮಾರು 450 ಡಿಗ್ರಿ ಸೆಲ್ಸಿಯಸ್ ದಾಟಿದರೆ ಅದರ ಮೇಲಿನ ಮಸಿ ತಾನೇ ಸುಟ್ಟು ಹೋಗುತ್ತದೆ. ಮನೆಯಿಂದ ಅಂಗಡಿಗೆ, ಅಂಗಡಿಯಿಂದ ಮನೆಗೆ ಓಡುವ ಗಾಡಿಯಲ್ಲಿ ಅಷ್ಟು ಬಿಸಿ ಬರುವುದೇ ಇಲ್ಲ. ಹಾಗಾಗಿ ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ, ಖಾಲಿ ರಸ್ತೆಯಲ್ಲಿ, ವೇಗದ ಮಿತಿ ಮೀರದೆ, ಒಂದು ಗೇರ್ ಕಡಿಮೆ ಇಟ್ಟು 20–30 ನಿಮಿಷ ಓಡಿಸಿದರೆ ಪ್ಲಗ್ ಮೇಲಿನ ಮತ್ತು ಸಿಲಿಂಡರ್ ಒಳಗಿನ ಮೆದು ಮಸಿ ಕಡಿಮೆ ಆಗುತ್ತದೆ. ಇನ್‌ಟೇಕ್ ವಾಲ್ವ್ ಬೆನ್ನಿನ ಗಟ್ಟಿ ಪದರಕ್ಕೆ ಇದರಿಂದ ಏನೂ ಆಗುವುದಿಲ್ಲ. ಖರ್ಚಿಲ್ಲದ ಕೆಲಸ, ಮೊದಲು ಇದನ್ನೇ ಮಾಡಿ ನೋಡಿ. ಆಯಿಲ್, ಕೂಲೆಂಟ್ ಮಟ್ಟ ನೋಡಿಕೊಂಡು ಹೊರಡಿ.

ಥ್ರಾಟಲ್ ಬಾಡಿ ಕ್ಲೀನ್ ಮಾಡುವುದು ಹೇಗೆ?

ಹೊಸದಾಗಿ ಕಲಿಯುವವರಿಗೆ ನಾನು ಮೊದಲು ಹೇಳುವ ಕೆಲಸ ಇದು. ಸುಲಭ, ಅಪಾಯ ಕಡಿಮೆ, ಐಡ್ಲಿಂಗ್ (ಆಕ್ಸಲರೇಟರ್ ಒತ್ತದೆ ಎಂಜಿನ್ ಓಡುವುದು) ತೊಂದರೆಗೆ ಎಷ್ಟೋ ಸಲ ಇಷ್ಟೇ ಸಾಕಾಗುತ್ತದೆ.

ಎಂಜಿನ್ ತಣ್ಣಗಿರಲಿ. ಬ್ಯಾಟರಿಯ ನೆಗೆಟಿವ್ ತೆಗೆಯಿರಿ. ಏರ್ ಫಿಲ್ಟರ್ ಬಾಕ್ಸ್‌ನಿಂದ ಬರುವ ದಪ್ಪ ಪೈಪಿನ ಕ್ಲಿಪ್ ಸಡಿಲ ಮಾಡಿ ಪೈಪ್ ಎಳೆದರೆ ಒಳಗೆ ದುಂಡನೆಯ ಹಿತ್ತಾಳೆ ಬಣ್ಣದ ತಟ್ಟೆ ಕಾಣುತ್ತದೆ. ತಟ್ಟೆಯ ಅಂಚು ಗೋಡೆಗೆ ತಾಗುವ ಕಡೆ ಕಪ್ಪು ಗೆರೆ ಇರುತ್ತದೆ. ತೊಂದರೆ ಕೊಡುವುದು ಅದೇ ಗೆರೆ. ಐಡ್ಲಿಂಗ್‌ನಲ್ಲಿ ಗಾಳಿ ಹೋಗುವ ಸಂದು ಕೂದಲೆಳೆಯಷ್ಟು, ಅದರಲ್ಲೂ ಮಸಿ ಕೂತರೆ ಎಂಜಿನ್ ಉಸಿರಾಡುವುದು ಹೇಗೆ?

ಥ್ರಾಟಲ್ ಬಾಡಿ ಕ್ಲೀನರ್ ಅಂತಲೇ ಬರೆದಿರುವ ಸ್ಪ್ರೇ ತನ್ನಿ. ಕಾರ್ಬ್ಯುರೇಟರ್ ಕ್ಲೀನರ್ ಖಾರ ಜಾಸ್ತಿ. ಕೆಲವು ಥ್ರಾಟಲ್ ಬಾಡಿಗಳ ಒಳಗೆ ಒಂದು ತೆಳು ಲೇಪನ ಇರುತ್ತದೆ, ಅದು ಎದ್ದು ಬರಬಹುದು. ಸ್ಪ್ರೇಯನ್ನು ಬಟ್ಟೆಗೆ ಹೊಡೆದು, ಆ ಬಟ್ಟೆಯಿಂದ ಒರೆಸಿ. ಒಳಗೆ ನೇರ ಧಾರೆ ಬಿಟ್ಟರೆ ಕರಗಿದ ಕೊಳೆ ಹಾಗೇ ಮ್ಯಾನಿಫೋಲ್ಡ್‌ಗೆ ಇಳಿಯುತ್ತದೆ, ಜೊತೆಗೆ ತಟ್ಟೆಯ ಸರಳಿನ ಸಂದಿನಿಂದ ಮೋಟಾರಿಗೂ ಹೋಗುತ್ತದೆ. ಮೂಲೆಗೆ ಹಳೆಯ ಟೂತ್ ಬ್ರಷ್ ಸಾಕು. ತಂತಿ ಬ್ರಷ್, ಸ್ಯಾಂಡ್ ಪೇಪರ್ ಹತ್ತಿರವೂ ತರಬೇಡಿ.

ಎಲೆಕ್ಟ್ರಾನಿಕ್ ಥ್ರಾಟಲ್ ಆದರೆ ಕೀ ಆನ್ ಇರುವಾಗ ಬೆರಳು ಹಾಕಲೇಬೇಡಿ. ತಟ್ಟೆ ತಟ್ಟನೆ ಮುಚ್ಚಿ ಬೆರಳು ಕತ್ತರಿಸಬಹುದು. ಕೀ ಆಫ್ ಇದ್ದಾಗಲೂ ಜೋರಾಗಿ ತಳ್ಳಿದರೆ ಒಳಗಿನ ಪ್ಲಾಸ್ಟಿಕ್ ಗೇರ್ ಹಲ್ಲು ಮುರಿಯಬಹುದು. ಮೆಲ್ಲಗೆ ತೆರೆಯಿರಿ, ಮೆಲ್ಲಗೆ ಬಿಡಿ.

ಥ್ರಾಟಲ್ ಬಾಡಿ ತೊಳೆದ ಮೇಲೆ ಐಡ್ಲಿಂಗ್ ಏರಿಬಿಟ್ಟಿದೆ. ಏನಾದರೂ ಹಾಳಾಯಿತಾ?

ಬಹುಪಾಲು ಇಲ್ಲ. ಕೊಳೆ ಇದ್ದಾಗ ಇ.ಸಿ.ಯು. (ಎಂಜಿನ್ ನಡೆಸುವ ಕಂಪ್ಯೂಟರ್) ತಟ್ಟೆಯನ್ನು ಸ್ವಲ್ಪ ಜಾಸ್ತಿ ತೆರೆದಿಟ್ಟು ಸರಿದೂಗಿಸಿಕೊಂಡಿತ್ತು. ಈಗ ಕೊಳೆ ಹೋಗಿದೆ, ಆದರೆ ಅದು ಹಳೆಯ ಲೆಕ್ಕದಲ್ಲೇ ತೆರೆಯುತ್ತಿದೆ. ಕೆಲವು ಗಾಡಿಗಳಲ್ಲಿ ಎ.ಸಿ., ಲೈಟ್ ಎಲ್ಲ ಆಫ್ ಮಾಡಿ ಹತ್ತು ಹದಿನೈದು ನಿಮಿಷ ಐಡ್ಲಿಂಗ್‌ನಲ್ಲಿ ಬಿಟ್ಟರೆ ತಾನೇ ಕಲಿಯುತ್ತದೆ. ಕೆಲವಕ್ಕೆ ಸ್ಕ್ಯಾನರ್ ಹಾಕಿ ಕಲಿಸಬೇಕು. ಎರಡೂ ಆಗದಿದ್ದರೆ ಪೈಪಿನ ಕ್ಲಿಪ್ ಸಡಿಲ ಬಿಟ್ಟಿದ್ದೀರಾ, ಗಾಳಿ ಸೋರುತ್ತಿದೆಯಾ ನೋಡಿ.

ಅದೇ ಸ್ಪ್ರೇಯಲ್ಲಿ ಎಂ.ಎ.ಎಫ್. ಸೆನ್ಸರ್ ಕೂಡ ತೊಳೆಯಬಹುದಾ?

ಬೇಡ. ಅದು ಒಳಗೆ ಹೋಗುವ ಗಾಳಿಯನ್ನು ಅಳೆಯುವ ಸೆನ್ಸರ್, ಅದಕ್ಕೆ ಅದರದೇ ಕ್ಲೀನರ್ ಬರುತ್ತದೆ. ಒಳಗಿನ ತಂತಿ ತುಂಬಾ ನಾಜೂಕು. ಬ್ರಷ್, ಬಟ್ಟೆ, ಬೆರಳು ಯಾವುದೂ ತಾಗಬಾರದು. ಸ್ಪ್ರೇ ಮಾಡಿ ಪೂರ್ತಿ ಒಣಗಲು ಬಿಟ್ಟು ಆಮೇಲೆ ಹಾಕಿ.

ಎಂಜಿನ್ ಓಡುತ್ತಿರುವಾಗ ಇನ್‌ಟೇಕ್‌ಗೆ ಕ್ಲೀನರ್ ಸ್ಪ್ರೇ ಮಾಡುವ ವಿಧಾನ ಹೇಗೆ?

ಪೆಟ್ರೋಲ್ ಎಂಜಿನ್‌ಗೆ ಮಾತ್ರ ಇದು. ವಾಲ್ವ್ ಮೇಲೆ ತೆಳುವಾಗಿ ಕೂತದ್ದಕ್ಕೆ ಸ್ವಲ್ಪ ಉಪಯೋಗ ಇದೆ. ಗಟ್ಟಿಯಾಗಿ ಕಲ್ಲಾದದ್ದಕ್ಕೆ ಜಾಸ್ತಿ ನಿರೀಕ್ಷೆ ಬೇಡ. ಇನ್‌ಟೇಕ್ ವಾಲ್ವ್ ಕ್ಲೀನರ್ ಅಂತ ಸಿಗುವ ಡಬ್ಬಿಯ ಸಣ್ಣ ನಳಿಕೆಯನ್ನು ಎಂ.ಎ.ಎಫ್. ಸೆನ್ಸರ್ ದಾಟಿದ ಮೇಲೆ, ಥ್ರಾಟಲ್ ಮುಂದೆ ಇಟ್ಟು, ಎಂಜಿನ್ ಬಿಸಿ ಇರುವಾಗ, ಇನ್ನೊಬ್ಬರು ಸುಮಾರು 2,000 ಆರ್.ಪಿ.ಎಂ. ಹಿಡಿದಿರುವಾಗ, ಚಿಕ್ಕ ಚಿಕ್ಕ ಚಿಮ್ಮಾಗಿ ಬಿಡಬೇಕು. ಎಂಜಿನ್ ಮುಗ್ಗರಿಸಿದರೆ ನಿಲ್ಲಿಸಿ, ಸುಧಾರಿಸಿಕೊಳ್ಳಲು ಬಿಡಿ. ಡಬ್ಬಿಯ ಮೇಲೆ ಬೇರೆ ಥರ ಬರೆದಿದ್ದರೆ ಅದರ ಪ್ರಕಾರವೇ ಹೋಗಿ.

ಟರ್ಬೊ (ಗಾಳಿಯನ್ನು ಒತ್ತಿ ತುಂಬುವ ಪಂಪ್) ಇದ್ದರೆ ಸ್ಪ್ರೇ ಟರ್ಬೊ ಮತ್ತು ಇಂಟರ್‌ಕೂಲರ್ (ಆ ಗಾಳಿಯನ್ನು ತಣಿಸುವ ಭಾಗ) ಎರಡನ್ನೂ ದಾಟಿದ ಮೇಲೆ ಹೋಗಬೇಕು. ಮುಂಚೆಯೇ ಹೊಡೆದರೆ ಇಂಟರ್‌ಕೂಲರ್ ಒಳಗೆ ದ್ರವ ನಿಂತುಕೊಳ್ಳುತ್ತದೆ, ಆಮೇಲೆ ಒಮ್ಮೆಲೇ ಎಂಜಿನ್‌ಗೆ ನುಗ್ಗುತ್ತದೆ.

ಡೀಸೆಲ್ ಎಂಜಿನ್‌ಗೆ ಉರಿಯುವ ಸ್ಪ್ರೇ ಯಾವುದನ್ನೂ ಗಾಳಿಯ ದಾರಿಯಲ್ಲಿ ಬಿಡಬೇಡಿ. ಡೀಸೆಲ್ ಎಂಜಿನ್ ವೇಗ ನಿಂತಿರುವುದೇ ಒಳಗೆ ಹೋಗುವ ಇಂಧನದ ಅಳತೆಯ ಮೇಲೆ. ಗಾಳಿಯ ಜೊತೆ ಬೇರೆ ಇಂಧನ ಸಿಕ್ಕರೆ ಎಂಜಿನ್ ಹತೋಟಿ ತಪ್ಪಿ ಏರುತ್ತಾ ಹೋಗುತ್ತದೆ, ಕೀ ಆಫ್ ಮಾಡಿದರೂ ನಿಲ್ಲುವುದಿಲ್ಲ. ಒಡೆದು ಚೂರಾಗುವವರೆಗೂ ಓಡಬಹುದು.

ವ್ಯಾಕ್ಯೂಮ್ ಪೈಪಿನಿಂದ ನೀರು ಎಳೆಸುವ ಹಳೆಯ ಉಪಾಯ?

ಕೆಲಸ ಮಾಡುತ್ತದೆ ಅನ್ನುವುದು ಸುಳ್ಳಲ್ಲ. ನೀರು ಒಳಗೆ ಹಬೆಯಾಗಿ ಪಿಸ್ಟನ್ ಮೇಲಿನ ಕಾರ್ಬನ್ ಸಡಿಲ ಮಾಡುತ್ತದೆ. ಹೆಡ್ ಗ್ಯಾಸ್ಕೆಟ್ ಸೋರಿ ಕೂಲೆಂಟ್ ಒಳಗೆ ಹೋಗುತ್ತಿದ್ದ ಸಿಲಿಂಡರ್‌ನ ಪಿಸ್ಟನ್ ಒಂದೇ ತೊಳೆದಿಟ್ಟಂತೆ ಹೊಳೆಯುವುದನ್ನು ಮೆಕ್ಯಾನಿಕ್‌ಗಳು ನೋಡಿರುತ್ತಾರೆ. ಆದರೆ ನಾನು ಬೇಡ ಅನ್ನುತ್ತೇನೆ. ಗಾಳಿಯನ್ನು ಅದುಮಬಹುದು, ನೀರನ್ನು ಅದುಮಲಾಗುವುದಿಲ್ಲ. ಒಂದು ಗುಟುಕು ಜಾಸ್ತಿ ಹೋದರೆ ಪಿಸ್ಟನ್ ಮೇಲೆ ಬರುವಾಗ ತಡೆದು, ಅದನ್ನು ತಳ್ಳುವ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಅಲ್ಲಿಗೆ ಎಂಜಿನ್ ಪೂರ್ತಿ ಬಿಚ್ಚಬೇಕಾಗುತ್ತದೆ.

ಪಿಸ್ಟನ್ ಮೇಲಿನ ಕಾರ್ಬನ್‌ಗೆ ನೆನೆಸುವ ವಿಧಾನ ಅಂತಾರಲ್ಲ, ಅದು?

ಎಂಜಿನ್ ಆಯಿಲ್ ಕುಡಿಯುತ್ತಿದೆ, ರಿಂಗ್ ಸಂದಿನಲ್ಲಿ ಕಾರ್ಬನ್ ಕಟ್ಟಿ ರಿಂಗ್ ಹಿಡಿದುಕೊಂಡಿದೆ ಅನ್ನುವ ಅನುಮಾನ ಇದ್ದಾಗ ಇದನ್ನು ಮಾಡುತ್ತಾರೆ. ತಾಳ್ಮೆ ಬೇಕು. ಒಂದು ರಾತ್ರಿ ಗಾಡಿ ನಿಲ್ಲಿಸಲು ಆಗಬೇಕು.

ಎಲ್ಲ ಪ್ಲಗ್ ಬಿಚ್ಚಿ. ತೂತುಗಳಿಗೆ ಉದ್ದನೆಯ ಪ್ಲಾಸ್ಟಿಕ್ ಸ್ಟ್ರಾ ಇಳಿಸಿ, ಕ್ರ್ಯಾಂಕ್ (ಪಿಸ್ಟನ್‌ಗಳನ್ನು ಮೇಲೆ ಕೆಳಗೆ ಆಡಿಸುವ ಶಾಫ್ಟ್) ಬೋಲ್ಟನ್ನು ಸ್ಪ್ಯಾನರ್‌ನಿಂದ ಎಂಜಿನ್ ತಿರುಗುವ ದಿಕ್ಕಿನಲ್ಲೇ ತಿರುಗಿಸುತ್ತಾ ಹೋಗಿ. ಸಾಲಾಗಿರುವ ನಾಲ್ಕು ಸಿಲಿಂಡರ್ ಎಂಜಿನ್‌ನಲ್ಲಿ ನಾಲ್ಕೂ ಸ್ಟ್ರಾ ಒಂದೇ ಎತ್ತರಕ್ಕೆ ಬಂದಾಗ ಪಿಸ್ಟನ್‌ಗಳೆಲ್ಲ ನಡುವಿನಲ್ಲಿವೆ ಅಂತ. ಅಲ್ಲಿ ನಿಲ್ಲಿಸಿ. ಪಿಸ್ಟನ್ ನೆನೆಸಲೆಂದೇ ಮಾಡಿದ ದ್ರಾವಣವನ್ನು ಪ್ರತಿ ಸಿಲಿಂಡರ್‌ಗೆ 30–50 ಮಿಲಿಯಷ್ಟು ಬಿಟ್ಟು, ಪ್ಲಗ್‌ಗಳನ್ನು ಕೈಯಲ್ಲಿ ಸಡಿಲವಾಗಿ ಕೂರಿಸಿ, ಕೆಲವು ಗಂಟೆ ಬಿಡಿ. ನಡುನಡುವೆ ಸ್ಪ್ಯಾನರ್‌ನಿಂದ ಕ್ರ್ಯಾಂಕನ್ನು ಸ್ವಲ್ಪ ಆಡಿಸಿದರೆ ದ್ರಾವಣ ರಿಂಗ್ ಸಂದಿಗೆ ಇಳಿಯುತ್ತದೆ.

ಮುಂದಿನ ಹೆಜ್ಜೆಯನ್ನು ಯಾರೂ ಬಿಡಬಾರದು. ಪ್ಲಗ್‌ಗಳನ್ನು ಮತ್ತೆ ತೆಗೆದು, ಉಳಿದ ದ್ರಾವಣವನ್ನು ಸಿರಿಂಜಿಗೆ ಸಣ್ಣ ಪೈಪ್ ಹಾಕಿ ಹೊರಗೆ ಎಳೆಯಿರಿ. ಪೆಟ್ರೋಲ್ ಪಂಪಿನ ಫ್ಯೂಸ್ ತೆಗೆಯಿರಿ, ಕಾಯಿಲ್ ಕನೆಕ್ಟರ್‌ಗಳನ್ನು ಬಿಚ್ಚಿಡಿ. ಪ್ಲಗ್ ತೂತುಗಳ ಮೇಲೆ ದಪ್ಪ ಬಟ್ಟೆ ಹಾಕಿ, ಹತ್ತಿರ ಯಾರೂ ಇಲ್ಲದ ಹಾಗೆ ನೋಡಿಕೊಂಡು ಸ್ಟಾರ್ಟರ್ ಕೆಲವು ಸೆಕೆಂಡ್ ತಿರುಗಿಸಿ. ಒಳಗೆ ಉಳಿದದ್ದೆಲ್ಲ ಚಿಮ್ಮಿ ಹೊರಗೆ ಬರುತ್ತದೆ. ಇದನ್ನು ಮಾಡದೆ ಪ್ಲಗ್ ಬಿಗಿದು ಸ್ಟಾರ್ಟ್ ಮಾಡಿದರೆ ಮೇಲೆ ಹೇಳಿದ ರಾಡ್ ಬಾಗುವ ಕಥೆಯೇ. ದ್ರಾವಣ ಆಯಿಲ್‌ಗೂ ಇಳಿದಿರುವುದರಿಂದ, ಓಡಿಸುವ ಮೊದಲೇ ಆಯಿಲ್ ಮತ್ತು ಫಿಲ್ಟರ್ ಬದಲಿಸಿ. ಶುರುವಿನಲ್ಲಿ ದಟ್ಟ ಬಿಳಿ ಹೊಗೆ ಬರುತ್ತದೆ, ಆಮೇಲೆ ತಾನೇ ನಿಲ್ಲುತ್ತದೆ.

ಅಡ್ಡ ಮಲಗಿದ ಸಿಲಿಂಡರ್ ಇರುವ ಬಾಕ್ಸರ್ ಎಂಜಿನ್‌ಗಳಿಗೆ ಇದು ಸರಿಹೋಗುವುದಿಲ್ಲ. ದ್ರಾವಣ ಒಂದು ಬದಿಗೇ ನಿಲ್ಲುತ್ತದೆ.

ಡೈರೆಕ್ಟ್ ಇಂಜೆಕ್ಷನ್ ವಾಲ್ವ್‌ಗಳನ್ನು ಮನೆಯಲ್ಲಿ ಕ್ಲೀನ್ ಮಾಡಬಹುದಾ?

ಇನ್‌ಟೇಕ್ ಮ್ಯಾನಿಫೋಲ್ಡ್ ಬಿಚ್ಚಿ ಹಾಕುವ ಧೈರ್ಯ ಮತ್ತು ಒಂದು ಪೂರ್ತಿ ದಿನ ಇದ್ದರೆ ಮಾಡಬಹುದು. ವರ್ಕ್‌ಶಾಪ್‌ಗಳಲ್ಲಿ ಅಕ್ರೋಟ್ ಸಿಪ್ಪೆಯ ಪುಡಿಯನ್ನು ಗಾಳಿಯ ಒತ್ತಡದಲ್ಲಿ ಹೊಡೆದು ಕೀಳುತ್ತಾರೆ. ಆ ಪುಡಿ ಕಾರ್ಬನ್ ಕೆರೆಯುವಷ್ಟು ಗಟ್ಟಿ, ಲೋಹ ಗೀಚದಷ್ಟು ಮೆದು. ಸದ್ಯಕ್ಕೆ ಇದಕ್ಕಿಂತ ಒಳ್ಳೆಯ ದಾರಿ ನಾನು ನೋಡಿಲ್ಲ. ಆದರೆ ದೊಡ್ಡ ಕಂಪ್ರೆಸರ್, ಪುಡಿ ಎಳೆಯುವ ಯಂತ್ರ ಎರಡೂ ಬೇಕು.

ಮನೆಯಲ್ಲಾದರೆ ದ್ರಾವಣ ಮತ್ತು ಬ್ರಷ್. ಕ್ರ್ಯಾಂಕ್ ತಿರುಗಿಸಿ ಯಾವ ಸಿಲಿಂಡರ್‌ನ ಇನ್‌ಟೇಕ್ ವಾಲ್ವ್ ಪೂರ್ತಿ ಮುಚ್ಚಿದೆಯೋ ಅದೊಂದನ್ನೇ ಹಿಡಿಯಿರಿ. ಉಳಿದ ದಾರಿಗಳಿಗೆ ಬಟ್ಟೆ ತುರುಕಿ. ಎಷ್ಟು ಬಟ್ಟೆ ತುರುಕಿದ್ದೀರಿ ಅಂತ ಕಾಗದದಲ್ಲಿ ಬರೆದಿಡಿ. ಇದು ಅತಿ ಎಚ್ಚರ ಅನ್ನಿಸಬಹುದು, ಆದರೆ ಒಳಗೆ ಉಳಿದ ಒಂದೇ ಒಂದು ಬಟ್ಟೆ ಸಾಕು ಇಡೀ ದಿನದ ಕೆಲಸ ಹಾಳು ಮಾಡಲು. ವಾಲ್ವ್ ಮುಳುಗುವಷ್ಟು ದ್ರಾವಣ ಹಾಕಿ ಅರ್ಧ ಗಂಟೆ ಬಿಡಿ. ಮಟ್ಟ ಇಳಿಯುತ್ತಿದ್ದರೆ ವಾಲ್ವ್ ಮುಚ್ಚಿಲ್ಲ, ದ್ರಾವಣ ಸಿಲಿಂಡರ್‌ಗೆ ಸೋರುತ್ತಿದೆ. ಆಮೇಲೆ ನೈಲಾನ್ ಬ್ರಷ್‌ನಲ್ಲಿ ಉಜ್ಜಿ, ಗಟ್ಟಿ ಇದ್ದ ಕಡೆ ಮರದ ಕಡ್ಡಿಯಿಂದ ಕೆರೆದು, ಸಿರಿಂಜ್ ಮತ್ತು ಬಟ್ಟೆಯಿಂದ ಕೊಳೆ ತೆಗೆಯಿರಿ. ಮತ್ತೆ ದ್ರಾವಣ, ಮತ್ತೆ ಉಜ್ಜುವುದು. ಒಂದೇ ಸಲಕ್ಕೆ ಹೋಗುವುದಿಲ್ಲ, ಬೇಸರ ಮಾಡಿಕೊಳ್ಳಬೇಡಿ. ಮನೆಯ ವ್ಯಾಕ್ಯೂಮ್ ಕ್ಲೀನರ್‌ನಲ್ಲಿ ಆ ದ್ರಾವಣ ಎಳೆಯಲು ಹೋಗಬೇಡಿ, ಅದರ ಮೋಟಾರಿನ ಕಿಡಿ ಸಾಕು ಬೆಂಕಿ ಹತ್ತಲು.

ವಾಪಸ್ ಜೋಡಿಸುವಾಗ ಹೊಸ ಗ್ಯಾಸ್ಕೆಟ್ ಹಾಕಿ, ಬೋಲ್ಟ್‌ಗಳನ್ನು ಟಾರ್ಕ್ ರೆಂಚ್‌ನಿಂದ, ಕೈಪಿಡಿ ಹೇಳಿದ ಕ್ರಮದಲ್ಲೇ ಬಿಗಿಯಿರಿ.

ಡೀಸೆಲ್ ಗಾಡಿ. ಇ.ಜಿ.ಆರ್. ವಾಲ್ವ್ ಕಟ್ಟಿದೆ ಅಂತಾರೆ.

ಪಿ0401 ಕೋಡ್ ಬಂದಿದ್ದರೆ ಇ.ಜಿ.ಆರ್. ಮೂಲಕ ಹೋಗಬೇಕಾದಷ್ಟು ಹೊಗೆ ಹೋಗುತ್ತಿಲ್ಲ. ಕೈಗೆ ಸಿಗುವ ಜಾಗದಲ್ಲಿದ್ದರೆ ಬಿಚ್ಚಿ ಕ್ಲೀನ್ ಮಾಡಬಹುದು. ಎಂಜಿನ್ ತಣ್ಣಗಾಗಿರಲಿ, ಕೆಲವು ವಾಲ್ವ್‌ಗಳಿಗೆ ಕೂಲೆಂಟ್ ಪೈಪ್ ಸೇರಿರುತ್ತದೆ, ನೋಡಿಕೊಳ್ಳಿ. ಮೊದಲು ಒಣ ಮಸಿ ಕೆರೆದು ತೆಗೆದು ಆಮೇಲೆ ಕ್ಲೀನರ್ ಹಾಕಿ. ಲೋಹದ ಬದಿಗೆ ಮಾತ್ರ. ಮೋಟಾರ್ ಮತ್ತು ಕನೆಕ್ಟರ್ ಇರುವ ಭಾಗವನ್ನು ಮುಳುಗಿಸಿದರೆ ವಾಲ್ವ್ ಸತ್ತ ಹಾಗೆ. ಇದಕ್ಕೂ ಹೊಸ ಗ್ಯಾಸ್ಕೆಟ್ ಬೇಕು.

ಡಿ.ಪಿ.ಎಫ್., ಅಂದರೆ ಡೀಸೆಲ್ ಹೊಗೆಯ ಮಸಿ ಹಿಡಿಯುವ ಫಿಲ್ಟರ್, ಬೇರೆಯೇ ವಿಷಯ. ಅದು ಸುಮಾರು 600 ಡಿಗ್ರಿಗೆ ಬಿಸಿಯಾಗಿ ತನ್ನ ಮಸಿಯನ್ನು ತಾನೇ ಸುಟ್ಟುಕೊಳ್ಳುತ್ತದೆ. ಪ್ರತಿ ಸಲ ನಡುವೆಯೇ ಗಾಡಿ ಆಫ್ ಮಾಡಿದರೆ ತುಂಬಿಕೊಳ್ಳುತ್ತದೆ. ಡಿ.ಪಿ.ಎಫ್. ಲೈಟ್ ಬಂದ ಕೂಡಲೇ, ಎಲ್ಲೂ ನಿಲ್ಲಿಸದೆ ಅರ್ಧ ಗಂಟೆ ಒಂದೇ ಸಮನೆ ಓಡಿಸುವುದು ನೀವು ಮಾಡಬಹುದಾದ ಕೆಲಸ. ಸುಡದೆ ಉಳಿಯುವ ಬೂದಿ ಮಾತ್ರ ವರ್ಕ್‌ಶಾಪ್‌ನಲ್ಲೇ ತೆಗೆಸಬೇಕು.

ಬೈಕ್, ಸ್ಕೂಟರ್‌ಗೆ?

ಫೋರ್ ಸ್ಟ್ರೋಕ್ ಆದರೆ ಮೇಲೆ ಹೇಳಿದ್ದೇ, ಸಣ್ಣ ಅಳತೆಯಲ್ಲಿ. ಹಳೆಯ ಟೂ ಸ್ಟ್ರೋಕ್ ಇಟ್ಟುಕೊಂಡವರಿಗೆ ನಾಲ್ಕು ಮಾತು ಜಾಸ್ತಿ ಹೇಳಬೇಕು, ಯಾಕಂದರೆ ಅದರಲ್ಲಿ ಆಯಿಲ್ ಪೆಟ್ರೋಲ್ ಜೊತೆಯೇ ಉರಿಯುತ್ತದೆ. ಕಾರ್ಬನ್ ತೆಗೆಯುವುದು ಅದಕ್ಕೆ ಮಾಮೂಲಿ ಸರ್ವಿಸ್‌ನ ಭಾಗವೇ ಆಗಿತ್ತು. ಮೊದಲು ಸೈಲೆನ್ಸರ್ ಮತ್ತು ಎಗ್ಸಾಸ್ಟ್ ಪೋರ್ಟ್ ನೋಡಿ. ಪೋರ್ಟ್ ಸುತ್ತ ಕಾರ್ಬನ್ ಕಟ್ಟಿ ದಾರಿ ಕಿರಿದಾದರೆ ಗಾಡಿಗೆ ಉಸಿರೇ ಇರುವುದಿಲ್ಲ.

ಹೆಡ್ ಬಿಚ್ಚಿದಾಗ ಪಿಸ್ಟನ್ ತಲೆಯನ್ನು ಮೇಲೆ ತಂದು, ಅಂಚಿನ ಸುತ್ತ ಸ್ವಲ್ಪ ಗ್ರೀಸ್ ಹಚ್ಚಿ. ಕೆರೆದ ಚೂರು ರಿಂಗ್ ಕಡೆ ಬೀಳದೆ ಗ್ರೀಸಿಗೆ ಅಂಟುತ್ತದೆ, ಕೊನೆಗೆ ಗ್ರೀಸ್ ಸಮೇತ ಒರೆಸಿ ತೆಗೆಯಬಹುದು. ಕೆರೆಯಲು ಮರ ಅಥವಾ ಗಟ್ಟಿ ಪ್ಲಾಸ್ಟಿಕ್. ಸ್ಕ್ರೂ ಡ್ರೈವರ್ ಬೇಡ. ಪಿಸ್ಟನ್ ಅಲ್ಯೂಮಿನಿಯಂ, ಗೀರು ಬಿದ್ದ ಕಡೆಯೇ ಮುಂದಿನ ಕಾರ್ಬನ್ ಬೇಗ ಹಿಡಿಯುತ್ತದೆ.

ಪ್ಲಗ್ ಅನ್ನು ತಂತಿ ಬ್ರಷ್‌ನಲ್ಲಿ ಉಜ್ಜಬಹುದಾ?

ಹಳೆಯ ಮಾಮೂಲಿ ನಿಕ್ಕಲ್ ಪ್ಲಗ್ ಆದರೆ ಮೆಲ್ಲಗೆ ಉಜ್ಜಿ, ಗ್ಯಾಪ್ ಸರಿ ನೋಡಿ ಹಾಕಬಹುದು. ಇರಿಡಿಯಂ, ಪ್ಲಾಟಿನಂ ಆದರೆ ಬೇಡ, ಸೂಜಿಯಂಥ ತುದಿ ಹಾಳಾಗುತ್ತದೆ. ಹೊಸದು ಹಾಕಿ.

ಸೀಮೆಎಣ್ಣೆ, ಥಿನ್ನರ್, ಬ್ರೇಕ್ ಕ್ಲೀನರ್, ಕಾಸ್ಟಿಕ್ ಸೋಡಾ ಇವೆಲ್ಲ?

ಬಿಚ್ಚಿಟ್ಟ ಲೋಹದ ಭಾಗಗಳ ಜಿಡ್ಡು ತೊಳೆಯಲು ಸೀಮೆಎಣ್ಣೆ ಪರವಾಗಿಲ್ಲ. ಓಡುವ ಎಂಜಿನ್‌ಗೆ ಕುಡಿಸಬೇಡಿ. ಥಿನ್ನರ್ ರಬ್ಬರ್ ಸೀಲ್‌ಗಳನ್ನು ಉಬ್ಬಿಸುತ್ತದೆ. ಬ್ರೇಕ್ ಕ್ಲೀನರ್‌ಗಳಲ್ಲಿ ಕ್ಲೋರಿನ್ ಇರುವ ಬಗೆಯೊಂದಿದೆ. ಅದು ಬೆಂಕಿಗೆ, ಕಾದ ಲೋಹಕ್ಕೆ ಸಿಕ್ಕರೆ ಫಾಸ್ಜೀನ್ ಎಂಬ ವಿಷದ ಗ್ಯಾಸ್ ಹುಟ್ಟುತ್ತದೆ, ಆದ್ದರಿಂದ ಈ ಕೆಲಸಕ್ಕೆ ಅದನ್ನು ಮುಟ್ಟಲೇಬೇಡಿ. ಕಾಸ್ಟಿಕ್ ಸೋಡಾ ಅಲ್ಯೂಮಿನಿಯಂ ಅನ್ನು ತಿಂದುಹಾಕುತ್ತದೆ, ಜೊತೆಗೆ ಹೈಡ್ರೋಜನ್ ಬಿಡುತ್ತದೆ. ಹೆಡ್, ಪಿಸ್ಟನ್, ಕಾರ್ಬ್ಯುರೇಟರ್ ಯಾವುದಕ್ಕೂ ಬೇಡ. ಬರೀ ಉಕ್ಕಿನ ಟೂ ಸ್ಟ್ರೋಕ್ ಸೈಲೆನ್ಸರ್‌ಗೆ ಬಳಸುವವರಿದ್ದಾರೆ. ಅವರೂ ನೀರಿಗೆ ಸೋಡಾ ಹಾಕಬೇಕು, ಸೋಡಾಕ್ಕೆ ನೀರು ಸುರಿಯಬಾರದು. ಕಣ್ಣಿಗೆ ಕನ್ನಡಕ, ಕೈಗೆ ಗ್ಲೌಸ್ ಇಲ್ಲದೆ ಡಬ್ಬಿ ತೆರೆಯಬಾರದು.

ಹೈಡ್ರೋಜನ್ ಗ್ಯಾಸ್ ಬಿಟ್ಟು ಕ್ಲೀನ್ ಮಾಡುವ ಮೆಷಿನ್ ಹೇಗೆ?

ನಾನು ಅದಕ್ಕೆ ಹಣ ಕೊಡುವುದಿಲ್ಲ. ಗ್ಯಾಸ್ ಉರಿಯುವುದು ಸಿಲಿಂಡರ್ ಒಳಗೆ. ಇನ್‌ಟೇಕ್ ವಾಲ್ವ್ ಬೆನ್ನ ಹತ್ತಿರ ಅದು ಸುಮ್ನೆ ಹಾದು ಹೋಗುತ್ತದೆ. ಮಾಡಿಸಲೇಬೇಕು ಅಂತಿದ್ದರೆ ಬೋರೋಸ್ಕೋಪ್‌ನಲ್ಲಿ ಮುಂಚೆ ಮತ್ತು ನಂತರ ತೋರಿಸಿ ಅಂತ ಕೇಳಿ.

ಮನೆಯಲ್ಲಿ ಮಾಡುವಾಗ ಯಾವುದಕ್ಕೆ ಹೆದರಬೇಕು?

ಹೊಗೆಗೆ ಮತ್ತು ಬೆಂಕಿಗೆ. ಮುಚ್ಚಿದ ಗ್ಯಾರೇಜಿನಲ್ಲಿ ಎಂಜಿನ್ ಓಡಿಸಬೇಡಿ. ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆ ಇಲ್ಲ, ಬಣ್ಣ ಇಲ್ಲ, ತಲೆ ಸುತ್ತು ಬರುವ ಹೊತ್ತಿಗೆ ತಡವಾಗಿರುತ್ತದೆ. ಬಾಗಿಲು ಅರ್ಧ ತೆರೆದರೆ ಸಾಲದು, ಗಾಡಿ ಹೊರಗೆ ತನ್ನಿ. ಸ್ಪ್ರೇಗಳೆಲ್ಲ ಬೆಂಕಿ ಹಿಡಿಯುವಂಥವು, ಪಕ್ಕದಲ್ಲೇ ಕಾದ ಎಗ್ಸಾಸ್ಟ್ ಇರುತ್ತದೆ. ಬೆಂಕಿ ಆರಿಸುವ ಸಿಲಿಂಡರ್ ಕೈಗೆಟುಕುವ ಹಾಗಿರಲಿ. ಒದ್ದೆ ಬಟ್ಟೆಗಳನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ, ಬಯಲಲ್ಲಿ ಹರಡಿ ಒಣಗಿಸಿ. ಕೊಳೆ ದ್ರಾವಣ ಚರಂಡಿಗೆ ಬೇಡ, ಹಳೆಯ ಆಯಿಲ್ ತೆಗೆದುಕೊಳ್ಳುವ ಕಡೆ ಕೊಡಿ.

ಎಷ್ಟು ಕಿಲೋಮೀಟರ್‌ಗೆ ಒಮ್ಮೆ ಮಾಡಬೇಕು?

ಕಿಲೋಮೀಟರ್ ಲೆಕ್ಕ ಇಟ್ಟುಕೊಳ್ಳಬೇಡಿ. ಲಕ್ಷಣ ಕಂಡಾಗ ನೋಡಿ, ನೋಡಿ ಕಂಡರೆ ಮಾಡಿ. ದಿನವೂ ಹೈವೇಯಲ್ಲಿ ಓಡುವ ಗಾಡಿಗೂ ದಿನಕ್ಕೆ ಮೂರು ಕಿಲೋಮೀಟರ್ ಓಡುವ ಗಾಡಿಗೂ ಒಂದೇ ಲೆಕ್ಕ ಹೊಂದುವುದಿಲ್ಲ.

ಮತ್ತೆ ಕಟ್ಟದ ಹಾಗೆ ಏನು ಮಾಡಲಿ?

ಆಯಿಲ್ ಸರಿಯಾದ ಗ್ರೇಡ್‌ನದ್ದು, ಸಮಯಕ್ಕೆ ಸರಿಯಾಗಿ. ಇದು ಒಂದೇ ಅರ್ಧ ಕೆಲಸ ಮಾಡುತ್ತದೆ. ಡಿಪ್‌ಸ್ಟಿಕ್‌ನ ಮೇಲಿನ ಗೆರೆ ದಾಟಿಸಿ ಆಯಿಲ್ ತುಂಬಬೇಡಿ, ಹೆಚ್ಚಾದದ್ದು ಆವಿಯ ಜೊತೆ ಇನ್‌ಟೇಕ್‌ಗೇ ಹೋಗುತ್ತದೆ. ಆ ಆವಿಯ ದಾರಿಯಲ್ಲಿರುವ ಪಿ.ಸಿ.ವಿ. ವಾಲ್ವ್ ಬಗ್ಗೆ ಬಹಳ ಜನಕ್ಕೆ ಗೊತ್ತೇ ಇಲ್ಲ. ಕೆಲವು ಗಾಡಿಗಳಲ್ಲಿ ಅದನ್ನು ಕೈಯಲ್ಲೇ ಎಳೆದು ತೆಗೆಯಬಹುದು. ಅಲ್ಲಾಡಿಸಿದರೆ ಟಕ್ ಟಕ್ ಅನ್ನಬೇಕು. ಸದ್ದಿಲ್ಲದಿದ್ದರೆ ಕಟ್ಟಿದೆ, ಬದಲಿಸಿ. ಏರ್ ಫಿಲ್ಟರ್ ನೋಡುತ್ತಿರಿ. ಬೆಳಗ್ಗೆ ಸ್ಟಾರ್ಟ್ ಮಾಡಿ ಹತ್ತು ನಿಮಿಷ ಸುಮ್ನೆ ಬಿಡುವ ಅಭ್ಯಾಸ ಇದ್ದರೆ ಬಿಟ್ಟುಬಿಡಿ. ತಣ್ಣಗಿನ ಎಂಜಿನ್‌ಗೆ ಪೆಟ್ರೋಲ್ ಜಾಸ್ತಿ ಹೋಗುತ್ತದೆ, ಮಸಿ ಆಗುವುದು ಆಗಲೇ. ಅರ್ಧ ನಿಮಿಷ ಬಿಟ್ಟು ಮೆಲ್ಲಗೆ ಹೊರಟರೆ ಬೇಗ ಬಿಸಿಯಾಗುತ್ತದೆ.

ಯಾವಾಗ ಕೈ ಬಿಟ್ಟು ಮೆಕ್ಯಾನಿಕ್ ಹತ್ತಿರ ಹೋಗಬೇಕು?

ಚೆಕ್ ಎಂಜಿನ್ ಲೈಟ್ ಮಿನುಗುತ್ತಿದ್ದರೆ ಆಗಲೇ. ಮಿಸ್‌ಫೈರ್‌ನಿಂದ ಉರಿಯದ ಪೆಟ್ರೋಲ್, ಹೊಗೆಯ ವಿಷ ಕಡಿಮೆ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್‌ಗೆ ಹೋಗಿ ಅದು ಕಾದು ಕರಗಬಹುದು. ಕಂಪ್ರೆಷನ್ ಟೆಸ್ಟ್‌ನಲ್ಲಿ (ಸಿಲಿಂಡರ್ ಒಳಗಿನ ಒತ್ತಡ ಅಳೆಯುವುದು) ಒಂದು ಸಿಲಿಂಡರ್ ಮಾತ್ರ ಉಳಿದವಕ್ಕಿಂತ ತುಂಬಾ ಕೆಳಗಿದ್ದರೂ ಅಷ್ಟೇ. ಆ ಸಿಲಿಂಡರ್‌ಗೆ ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ಅಳೆಯಿರಿ. ಏರಿದರೆ ರಿಂಗ್ ಕಡೆಯ ತೊಂದರೆ, ಏರದಿದ್ದರೆ ವಾಲ್ವ್ ಅಥವಾ ಹೆಡ್ ಗ್ಯಾಸ್ಕೆಟ್ ಕಡೆಯದು. ಈ ಎರಡು ಅಂಕಿಗಳನ್ನು ಬರೆದುಕೊಂಡು ಹೋಗಿ ಮೆಕ್ಯಾನಿಕ್ ಕೈಗೆ ಕೊಡಿ, ಹುಡುಕುವ ಸಮಯ ಅರ್ಧ ಉಳಿಯುತ್ತದೆ.